ಅತ್ಯಾ ನೋಡಿದ ಚಿಗರಿ

ಬೈರಿದೇವರಕೊಪ್ಪದಲ್ಲಿರುವ ನನ್ನ ತಮ್ಮನ ಮೊಮ್ಮಗಳು ಮೊನ್ನೆ ಬಂದು ಒಂದು ಬಣ್ಣದ ಹಾಳೆಯನ್ನು ನನ್ನ ತೊಡೆಯ ಮೇಲೆ ಹರಡಿದಳು. ಹೊಸ ಮಸಿಯ ವಾಸನೆ ಇನ್ನೂ ಹೋಗಿರಲಿಲ್ಲ. ಯಾವುದೋ ಪ್ರವಾಸದ ಕಂಪನಿಯ ಜಾಹೀರಾತು. ಆಫ್ರಿಕದ ಹುಲ್ಲುಗಾವಲಿನಲ್ಲಿ ಸಿಂಹ, ಉತ್ತರದ ಹಿಮದಲ್ಲಿ ಬಿಳಿ ಕರಡಿ, ಸಮುದ್ರದ ನಡುವಿನ ದ್ವೀಪವೊಂದರಲ್ಲಿ ಬಂಡೆಯಂಥ ಆಮೆ, ಸುಂದರಬನದ ಹುಲಿ. ಕಟ್ಟಕಡೆಗೆ, ಜಾಗ ಉಳಿದಿತ್ತೆಂದು ಸೇರಿಸಿದ ಹಾಗೆ, ಮೂಲೆಯಲ್ಲಿ ನಮ್ಮ ದಾಂಡೇಲಿ.

"ಅಜ್ಜಿ, ನಾವು ದಾಂಡೇಲಿಗೆ ಹೊಂಟೇವಿ. ನೀವೂ ಬರ್ರಿ."

"ನಾ ಎಲ್ಲಾ ನೋಡೇನವಾ. ಸಾಕಾಗೇದ."

ಸುಳ್ಳಲ್ಲ. ಶಾಲೆಯಿಂದ ನಿವೃತ್ತಳಾದ ಮೇಲೆ ಶಿಕ್ಷಕಿಯರ ತಂಡದೊಡನೆ ಬಂಡೀಪುರಕ್ಕೆ ಹೋಗಿ ಬಂದೆ, ಗಿರ್ ಕಾಡಿಗೆ ಹೋದೆ, ಕಾಜಿರಂಗದ ಘೇಂಡಾಮೃಗವನ್ನೂ ಬಿಡಲಿಲ್ಲ. ಹೇಳಿದ ಹೊತ್ತಿಗೆ ಎದ್ದೆ, ಹೇಳಿದ ಜಾಗದಲ್ಲಿ ಕೂತೆ, ಹೇಳಿದ ಕಡೆ ನೋಡಿದೆ. ಮರಳಿ ಬಂದು ಕಾಲು ತೊಳೆದು ಹೊತ್ತಿಗೆ ಸರಿಯಾಗಿ ಊಟ ಮಾಡಿದೆ. ಕಣ್ಣಿಗೂ ಒಂದು ದಣಿವು ಬರುತ್ತದೆ, ಓದುಗರೇ. ಕಾಲಿನ ದಣಿವಾದರೆ ಎಣ್ಣೆ ಹಚ್ಚಬಹುದು.

"ಹೌದಲ್ರಿ, ಅಷ್ಟೆಲ್ಲಾದರಾಗ ಛಲೋ ಯಾವ್ದು ಅನಿಸ್ತು?" ಎಂದು ಹುಡುಗಿ ಕೇಳಿದಳು. ಊಟದ ಹೊತ್ತಾಯಿತೆಂದು ಎದ್ದುಬಿಟ್ಟೆ. ಪ್ರಶ್ನೆ ಮಾತ್ರ ತಟ್ಟೆಯ ಪಕ್ಕದಲ್ಲೇ ಬಂದು ಕೂತಿತು.

ನಾನು ಧಾರವಾಡದಲ್ಲಿ ಶಿಕ್ಷಕಿಯಾಗಲು ಟ್ರೇನಿಂಗ್ ಓದುತ್ತಿದ್ದ ಕಾಲ. ದೊಡ್ಡ ಯುದ್ಧ ಇನ್ನೂ ಶುರುವಾಗಿರಲಿಲ್ಲ. ಅಪ್ಪ ಶಾಲಾ ಮಾಸ್ತರರು. ನಮ್ಮ ಮನೆಯಲ್ಲಿ ಗಡಿಯಾರ ಕೆಟ್ಟರೆ ಅಪ್ಪನನ್ನು ನೋಡಿ ಸರಿಪಡಿಸಿಕೊಳ್ಳಬಹುದಿತ್ತು. ಸ್ನಾನ, ಸಂಧ್ಯಾವಂದನೆ, ಪೂಜೆ, ಆಮೇಲೆ ಉಳಿದ ಲೋಕ. ನಾನು ಇವತ್ತಿಗೂ ಚಪ್ಪಲಿಯನ್ನು ಗೋಡೆಗೆ ನೇರವಾಗಿ ಬಿಡುವುದು ಅವರಿಂದ ಬಂದದ್ದು. ಯಾರಾದರೂ ಓರೆಯಾಗಿ ಬಿಟ್ಟರೆ ನನಗೆ ಮಾತು ಮುಂದುವರಿಸಲಾಗುವುದಿಲ್ಲ.

ಮನೆಯಲ್ಲಿ ಅಪ್ಪನ ಅಕ್ಕ ಇದ್ದಳು. ನಾವು ಅವಳನ್ನು ಅತ್ಯಾ ಎನ್ನುತ್ತಿದ್ದೆವು. ಎಳೆಯ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡು ತವರಿಗೆ ಬಂದವಳು. ತಲೆಯ ಮೇಲೆ ಕೆಂಪು ಸೀರೆಯ ಸೆರಗು, ಮಡಿ, ಒಪ್ಪೊತ್ತಿನ ಊಟ. ಅವಳ ದನಿ ಅಡಿಗೆಮನೆಯ ಹೊಸ್ತಿಲು ದಾಟುತ್ತಿರಲಿಲ್ಲ. ಎಲ್ಲಿಯಾದರೂ ಅದು ಸ್ವಲ್ಪ ಏರಿದರೆ ಹೊರಗಿನ ಪಡಸಾಲೆಯಿಂದ ಅಪ್ಪ "ಅಕ್ಕಾ, ಸಾವಕಾಶ" ಎನ್ನುತ್ತಿದ್ದರು. ಸಿಟ್ಟಿನಿಂದಲ್ಲ, ಚಪ್ಪಲಿ ನೇರ ಮಾಡಿದಂತೆ.

ಸಂಜೆ ನಾನು ಭೂಗೋಳವನ್ನು ಗಟ್ಟಿಯಾಗಿ ಓದಬೇಕೆಂಬುದು ಅಪ್ಪನ ನಿಯಮ. ಅತ್ಯಾ ಅಕ್ಕಿಯಲ್ಲಿ ಕಲ್ಲು ಆರಿಸುತ್ತ ಕೇಳುತ್ತಿದ್ದಳು. ದೇಶಗಳ ರಾಜಧಾನಿ ಅವಳಿಗೆ ಬೇಕಿರಲಿಲ್ಲ. ಯಾವ ದೇಶದಲ್ಲಿ ಯಾವ ಪ್ರಾಣಿ ಎಂಬುದು ಮಾತ್ರ ಬೇಕು. "ಹಿಮದಾಗಿನ ಕರಡಿ ಬೆಳ್ಳಗ ಯಾಕದ ಗೊತ್ತೇನು? ದಿನಾ ತಣ್ಣೀರಾಗ ಮುಳುಗತದ. ನನಕಿಂತಾ ಮಡಿ ಅದು!" ಎಂದು ಸೆರಗು ಬಾಯಿಗಿಟ್ಟು ನಗುವಳು.

ಆ ವರ್ಷ ಅಕ್ಕಿಯಲ್ಲಿ ಕಲ್ಲು ಉಳಿಯತೊಡಗಿದವು. ಡಾಕ್ಟರರು ಕಣ್ಣು ನೋಡಿ, ನರ ಒಣಗುತ್ತಿದೆ, ಇದಕ್ಕೆ ಆಪರೇಶನ್ ಇಲ್ಲ, ಯುಗಾದಿಯವರೆಗೆ ಬೆಳಕು ಉಳಿದರೆ ಪುಣ್ಯ ಎಂದರು. ಮನೆಗೆ ಬಂದ ಮೇಲೆ ಅಪ್ಪ ಕೇಳಿದರು.

"ಅಕ್ಕಾ, ಕಾಶಿಗೆ ಹೋಗೂಣೇನು? ಪಂಢರಪುರಕ್ಕ?"

"ದೇವರನ್ನ ಕಣ್ಣು ಮುಚ್ಚಿಕೊಂಡೂ ನೋಡಬಹುದೋ ತಮ್ಮಾ. ನನಗ ಚಿಗರಿ ಹಾರೂದು ತೋರಸು."

ಕೃಷ್ಣಮೃಗವನ್ನು ನಮ್ಮ ಕಡೆ ಚಿಗರಿ ಎನ್ನುತ್ತಾರೆ. ಆಫ್ರಿಕದ ಸಿಂಹಕ್ಕೆ ಹಡಗು ಹತ್ತಬೇಕು. ಚಿಗರಿಗೆ ಹುಬ್ಬಳ್ಳಿ ಸಾಕು. ಗೋಪನಕೊಪ್ಪದಾಚೆ, ಕುಸುಗಲ್ಲ ದಾರಿಯ ಎರೆ ಹೊಲಗಳಲ್ಲಿ ಆಗ ಅವು ಹಿಂಡುಹಿಂಡಾಗಿದ್ದವು. ಅಪ್ಪನ ಹಳೆಯ ವಿದ್ಯಾರ್ಥಿಯೊಬ್ಬರು ಆ ಭಾಗದ ಗೌಡರು, ಹತ್ತಿಯ ವ್ಯಾಪಾರಸ್ಥರು. ನಾತಾಳದ ಸೂಟಿಯಲ್ಲಿ, ಎಂದರೆ ಕ್ರಿಸ್‌ಮಸ್ ರಜೆಯಲ್ಲಿ, ರೈಲಿಳಿದು ಅವರ ಎತ್ತಿನ ಚಕ್ಕಡಿಯಲ್ಲಿ ಹೊಲದ ಮನೆಗೆ ಹೋದೆವು. ಮೂರು ರಾತ್ರಿ ಉಳಿಯುವುದು, ನಾಲ್ಕನೆಯ ದಿನ ಊಟಕ್ಕೆ ಮೊದಲು ಹೊರಡುವುದು. ಅಪ್ಪನ ಲೆಕ್ಕ ಆಚೀಚೆ ಆಗುವಂತಿರಲಿಲ್ಲ.

ಗೌಡರ ಹೆಂಡತಿ ಗೌಡ್ತಿ ಬಾಯಿಬಡಕಿ, ಮನಸ್ಸು ಬೆಣ್ಣೆ. "ನಮ್ಮ ಕಡ್ಲಿ ತಿಂದು ಹಾಳ ಮಾಡ್ತಾವ್ರಿ. ನಾವು ಓಡಸಾಕ ಏಳತೇವಿ, ನೀವು ನೋಡಾಕ ಬಂದೀರಿ! ಇರಲಿ, ನಸುಕಿನ್ಯಾಗ ಬರ್ತಾವು. ಲಗೂ ಏಳ್ರಿ."

ನಸುಕಿನಲ್ಲಿ ಎದ್ದೆವು. ಆದರೆ ಎದ್ದವರು ಬಾವಿಗೆ ಹೋದೆವು. ಅಪ್ಪನ ಸ್ನಾನ, ಸಂಧ್ಯಾವಂದನೆ. ಅತ್ಯಾನ ಸ್ನಾನ, ಅವಳ ಮಡಿ ಸೀರೆ ಆರುವ ತನಕ ಕಾಯುವುದು. ಪೆಟ್ಟಿಗೆಯಲ್ಲಿ ತಂದ ದೇವರ ಪೂಜೆ. ಸಾಲಾಗಿ ಹೊಲಕ್ಕೆ ಹೋಗಿ ನಿಂತಾಗ ಬಿಸಿಲು ನೆತ್ತಿಗೆ ಹತ್ತಿರವಾಗಿತ್ತು. ಕರಿ ಮಣ್ಣಿನಲ್ಲಿ ಗೊರಸಿನ ಗುರುತು ಮಾತ್ರ ಇದ್ದವು. ಅತ್ಯಾ ಕೂತು, ಬೆರಳಿನಿಂದ ಒಂದು ಗುರುತನ್ನು ಮುಟ್ಟಿ ನೋಡಿದಳು. ವೀಳ್ಯದೆಲೆಯನ್ನು ಮಡಚಿ ಒತ್ತಿದಂತೆ ಇತ್ತು ಅದು.

"ಮಾಸ್ತರ್ರ," ಎಂದಳು ಗೌಡ್ತಿ, "ಚಿಗರಿ ನಿಮ್ಮ ಸಾಲಿ ಗಂಟಿ ಕೇಳಿ ಬರೂದಿಲ್ರಿ."

ಮರುದಿನವೂ ಹಾಗೆಯೇ ಆಯಿತು. ಅಪ್ಪ ಬೇಗ ಎದ್ದರು. ಬೇಗ ಎದ್ದಷ್ಟೂ ಜಪ ಉದ್ದವಾಯಿತು. ಅವರು ಅಕ್ಕನಿಗಾಗಿ ದೇವರನ್ನು ಬೇಡಿಕೊಳ್ಳುತ್ತಿದ್ದರೆಂದು ನನಗೆ ಗೊತ್ತಿತ್ತು. ಆ ದಿನ ಅತ್ಯಾ ಊಟದ ನಂತರ ಗೋಡೆಯ ಕಡೆ ಮುಖ ಮಾಡಿ ಮಲಗಿದಳು.

ಹೊರಡುವ ದಿನ ನಸುಕಿನಲ್ಲಿ ಯಾರೋ ನನ್ನ ಭುಜ ಅಲುಗಿಸಿದರು. ಅತ್ಯಾ.

"ಏಳು. ಹೊಲಕ್ಕ ಹೋಗೂಣು. ಸ್ನಾನ ಆಮ್ಯಾಲ."

ನಾನು ಕನಸೆಂದೇ ತಿಳಿದೆ. "ಅತ್ಯಾ, ಮೈಲಿಗಿ ಅರಿವ್ಯಾಗ? ದೇವರು..."

"ಸಿಟ್ಟಾಗ್ತಾನ? ಆಗಲಿ. ಸಿಟ್ಟು ಇಳಿಸಿಕೊಳ್ಳಲಿಕ್ಕೆ ಅವಗ ಬೇಕಾದಷ್ಟು ಹೊತ್ತದ. ನನಗಿಲ್ಲ."

ಗೌಡ್ತಿ ಮುಂದೆ, ನಾವಿಬ್ಬರು ಹಿಂದೆ. ಬೆಳಕು ಹರಿಯುವ ಹೊತ್ತಿಗೆ ಕಡಲೆ ಹೊಲದ ಬದುವಿನಲ್ಲಿ ಕೂತೆವು. ನಾನು ಬಾಯ ಮೇಲೆ ಬೆರಳಿಟ್ಟು ಎಲ್ಲರಿಗೂ ಶಿಸ್ತು ಹೇಳಿದೆ. ಮತ್ತು ಅವು ಬಂದವು. ಇಡೀ ಹಿಂಡು ಎದುರಿಗೆ, ಕಲ್ಲೆಸೆತದಷ್ಟು ದೂರದಲ್ಲಿ. ಕಪ್ಪು ಬೆನ್ನಿನ, ತಿರುಚಿದ ಕೊಂಬಿನ ಗಂಡೊಂದು ತಲೆಯೆತ್ತಿ ನಿಂತಿತು.

"ಬಂದಾವ?" ಅತ್ಯಾ ಪಿಸುಗುಟ್ಟಿದಳು.

"ಎದುರಿಗೇ ಅವ. ಜಾಲಿ ಗಿಡದ ಎಡಕ್ಕ. ಅಲ್ಲಿಂದ ಸ್ವಲ್ಪ ಕೆಳಗ..."

"ನನಗ ನೆಲ ಅಷ್ಟ ಕಾಣ್ತದ."

"ಮುಂದಿಂದು ಗಂಡು. ಅದರ ಹಿಂದ..."

"ಪಾಠ ಹೇಳಬ್ಯಾಡ, ಕೂಸ. ಕಾಣವಲ್ದು."

ಆಗ ನನಗೆ ಅರ್ಥವಾಯಿತು. ಅವು ಕದಲದೆ ನಿಂತಿದ್ದವು, ಮಣ್ಣಿನ ಬಣ್ಣದಲ್ಲಿ ಮಣ್ಣಾಗಿ. ಅವಳಲ್ಲಿ ಉಳಿದಿದ್ದ ಚೂರು ಬೆಳಕಿಗೆ ಆ ದೂರದಲ್ಲಿ ನಿಂತದ್ದು ಯಾವುದೂ ಕಾಣುತ್ತಿರಲಿಲ್ಲ. ಅವು ಬೆದರಬಾರದೆಂದು ನಾವು ಉಸಿರು ಹಿಡಿದು ಕೂತಿದ್ದೆವು. ಅವು ಬೆದರದಿದ್ದರೆ ಅವಳ ಪಾಲಿಗೆ ಅಲ್ಲಿ ಏನೂ ಇರಲಿಲ್ಲ. ನಾನು ಇದನ್ನು ಹೇಗೆ ಹೇಳುವುದೆಂದು ಯೋಚಿಸುವುದರೊಳಗೆ ಅವಳೇ ಕೇಳಿದಳು. "ಸುಮ್ಮನ ನಿಂತಾವೇನು?"

"ಹೂಂ."

ಅತ್ಯಾ ಎದ್ದು ನಿಂತಳು. ತಲೆಯ ಮೇಲಿನ ಸೆರಗು ಜಾರಿತು. ಎರಡೂ ಕೈ ಬಾಯಿಗಿಟ್ಟು "ಹೋ!" ಎಂದು ಕೂಗಿದಳು. ಆ ದನಿ ಅವಳೊಳಗೆ ಅಷ್ಟು ವರ್ಷ ಎಲ್ಲಿತ್ತೋ! ಹೊಲ ಕಾಯಲು ಬಂಡಿಯ ಕೆಳಗೆ ಮಲಗಿದ್ದ ಆಳುಗಳು ಎದ್ದು ಕೂತರು.

"ಹಾರಿದ್ವು! ಅಗೋ, ಅಗೋ, ಹಾರಿದ್ವಲ್ಲಽ! ಬೆಳ್ಳಗ, ಕರ್ರಗ, ಬೆಳ್ಳಗ!" ಅತ್ಯಾ ನನ್ನ ತೋಳನ್ನು ಉಗುರು ಊರುವ ಹಾಗೆ ಹಿಡಿದಿದ್ದಳು.

ಹಿಂದೆ ಹೆಜ್ಜೆಯ ಸಪ್ಪಳವಾಯಿತು. ಅಪ್ಪ. ಕೈಯಲ್ಲಿ ತಂಬಿಗೆ, ಬರಿಗಾಲು, ಸ್ನಾನವಿಲ್ಲ. ನಾವು ಹೊರಟದ್ದು ತಿಳಿದು ಬಾವಿಯಿಂದ ಹಾಗೇ ಬಂದಿದ್ದರು. ಈಗ "ಅಕ್ಕಾ, ಸಾವಕಾಶ" ಬರುತ್ತದೆಂದು ನಾನು ಕುಗ್ಗಿದೆ.

"ಅಕ್ಕಾ," ಎಂದರು ಅಪ್ಪ, ದೂರಕ್ಕೆ ಕಣ್ಣು ಕಿರಿದು ಮಾಡಿ, "ಮತ್ತ ನಿಂತಾವ. ಇನ್ನೊಮ್ಮೆ ಒದರು."

ಅವಳು ಒದರಿದಳು. ಆಮೇಲೆ ಬದುವಿನ ಮೇಲೆ ಕೂತು ಕಣ್ಣೊರೆಸಿಕೊಂಡಳು. "ಸಾಕೋ ತಮ್ಮಾ. ಇನ್ನ ಅವು ಉಣ್ಣಲಿ."

"ಉಣ್ಣಲಿ ಅಂತಾರ ನೋಡ್ರಿ! ಯಾರ ಕಡ್ಲಿರೀ ಅದು?" ಎಂದಳು ಗೌಡ್ತಿ.

ಯುಗಾದಿಗೆ ಮೊದಲೇ ಅತ್ಯಾನ ಬೆಳಕು ಹೋಯಿತು. ಅದಾದ ಮೇಲೂ ಅವಳು ಬಹಳ ವರ್ಷ ಬದುಕಿದಳು. ಅವಳ ದನಿ ಪಡಸಾಲೆ ದಾಟಿ ಬೀದಿಗೂ ಕೇಳುತ್ತಿತ್ತು. ಅಪ್ಪ ಒಮ್ಮೆಯೂ "ಸಾವಕಾಶ" ಅನ್ನಲಿಲ್ಲ.

ಈಗ ಆ ಹೊಲಗಳಲ್ಲಿ ಮನೆಗಳು ಎದ್ದಿವೆ. ನನ್ನ ದಣಿವೂ ಹಾಗೇ ಇದೆ. ಒಂದು ನೆನಪಿಗೆ ಅದು ಇಳಿಯುವುದಿಲ್ಲ. ಆದರೆ ಹುಡುಗಿಯ ಪ್ರಶ್ನೆಗೆ ಉತ್ತರ ಸಿಕ್ಕಿದೆ. ಇದುವರೆಗೆ ಯಾರಿಗೂ ಹೇಳದ ಉತ್ತರ: ಆ ಬೆಳಿಗ್ಗೆ ಚಿಗರಿ ಹಾರಿದ್ದನ್ನು ನಾನು ನೋಡಲೇ ಇಲ್ಲ. ಅವು ಹಾರುವಾಗ ನಾನು ಅತ್ಯಾನ ಮುಖವನ್ನು ನೋಡುತ್ತಿದ್ದೆ.

ನಿನ್ನೆ ಹುಡುಗಿ ಮತ್ತೆ ಬಂದಿದ್ದಳು. ಅವಳ ಅತ್ತೆ, ಗಂಡನ ತಾಯಿ, ಅವರೂ ದಾಂಡೇಲಿಗೆ ಬರುತ್ತಾರಂತೆ. ಹುಬ್ಬಳ್ಳಿ ದಾಟಿದವರಲ್ಲ, ಕಾಡು ಕಂಡವರಲ್ಲ, ಅಂಜುತ್ತಿದ್ದಾರಂತೆ.

"ಹಂಗಾದರ ನಾನೂ ಬರ್ತೇನಿ," ಎಂದೆ. "ಆದರ ಕಿಟಕಿ ಕಡೆ ಅವರನ್ನ ಕೂಡಸು. ನನಗ ಅವರ ಎದುರಿನ ಜಾಗಾ ಇಡು."