ಕಾಪು ಗುಂಪಿನ ಒಂಬತ್ತನೆಯ ಯಂತ್ರ

೧೯೮೫ರಲ್ಲಿ, ಎಂಟನೇ ತರಗತಿ ಮುಗಿಯುವ ಮೊದಲೇ ನಾನು ಓದು ಬಿಟ್ಟೆ. ಮನೆಯ ಕಷ್ಟ ಅಂತ ಸಬೂಬು ಹೇಳುವುದಿಲ್ಲ. ಎರ್ಮಾಳಿನಲ್ಲಿ ಮಾವನ ಬೋಟು ಇತ್ತು, ಶಾಲೆಗಿಂತ ನನಗೆ ಅದೇ ಇಷ್ಟವಾಗಿತ್ತು. ಆರು ವರ್ಷ ಕಡಲಿಗೆ ಹೋದೆ. ಆಮೇಲೆ ಕಾರ್ಕಳದಲ್ಲಿ ವಯರಿಂಗ್ ಕಲಿತೆ. ಮಣಿಪಾಲದ ಒಂದು ಕಾಲೇಜಿನ ಕಂಪ್ಯೂಟರ್ ಕೋಣೆಗೆ ವಯರ್ ಎಳೆಯಲು ಬಂದವನು ಕಂಪ್ಯೂಟರನ್ನೂ ಕಲಿತು ಅಲ್ಲೇ ಉಳಿದೆ. ಯಾರೂ ಕೂರಿಸಿಕೊಂಡು ಕಲಿಸಿದ್ದಲ್ಲ. ಕೈಗೆ ಸಿಗದ್ದನ್ನು ನಂಬುವ ಜಾಯಮಾನ ನನ್ನದಲ್ಲ. ಬೋಟಿನವರ ಭೂತದ ಕತೆಗಳಿಗೆ ನಕ್ಕವನೇ ನಾನು. ಆದರೂ ೨೦೦೪ರಲ್ಲಿ ಹಾಡುಹಗಲು ನಡೆದ ಒಂದು ಸಂಗತಿಗೆ ಇವತ್ತಿಗೂ ನನ್ನಲ್ಲಿ ಉತ್ತರವಿಲ್ಲ.

ಇಪ್ಪತ್ತನಾಲ್ಕು ಕಂಪ್ಯೂಟರುಗಳನ್ನು ಜೋಡಿಸಿ, ಒಂದೇ ದೊಡ್ಡ ಲೆಕ್ಕವನ್ನು ಅವುಗಳಿಗೆ ಹಂಚಿ ಮಾಡಿಸುವ ವ್ಯವಸ್ಥೆ ಅಲ್ಲಿತ್ತು. ಎಂಟೆಂಟರ ಮೂರು ಗುಂಪು. ಉಡುಪಿ, ಕಾಪು, ಕಾರ್ಕಳ ಎಂದು ಹೆಸರು. ಯಾವುದು ಓಡುತ್ತಿದೆ, ಯಾವುದು ನಿಂತಿದೆ ಎಂದು ಒಂದೇ ಪರದೆಯಲ್ಲಿ ತೋರಿಸುವ ತಂತ್ರಾಂಶ ಹೊಂದಿಸುವ ಕೆಲಸ ನನಗೆ ಬಂತು.

“ಸೋಮವಾರ ಹೊರಗಿನವರು ನೋಡಲಿಕ್ಕೆ ಬರ್ತಾರೆ. ಇಪ್ಪತ್ತನಾಲ್ಕೂ ಸರಿಯಾಗಿ ಕಂಡರೆ ಕೋಣೆಯ ಕೀ ನಿಮಗೇ,” ಎಂದಿದ್ದರು ನಮ್ಮ ವಿಭಾಗದ ಸರ್. ಇಲ್ಲದಿದ್ದರೆ ಅದು ಡಿಪ್ಲೊಮಾ ಓದಿದ ಸುಧಾಕರನಿಗೆ. ನನಗೆ ಆ ಕೀ ಬೇಕಿತ್ತು. ತುಂಬಾ ಬೇಕಿತ್ತು.

ಆ ತಂತ್ರಾಂಶದ ಪುಸ್ತಕದ ಇಂಗ್ಲಿಷು ನನಗೆ ಅರ್ಧವೂ ಅರ್ಥವಾಗಿರಲಿಲ್ಲ. ಆದರೆ ಸಂಗತಿ ಅರ್ಥವಾಯಿತು, ಬೋಟಿನ ವಯರ್‌ಲೆಸ್‌ನಿಂದ. ಮಾವನ ಜೊತೆಯ ಬೋಟುಗಳೆಲ್ಲ ಒಂದೇ ಚಾನೆಲ್‌ನಲ್ಲಿ ಮಾತಾಡುತ್ತಿದ್ದವು. ಒಬ್ಬನ ದನಿ ಎಲ್ಲರಿಗೂ ಕೇಳುತ್ತಿತ್ತು. ದಡಕ್ಕೆ ಮಾತ್ರ ಒಂದೇ ಬೋಟು ಎಲ್ಲರ ಸುದ್ದಿ ಹೇಳುತ್ತಿತ್ತು. ಇಲ್ಲಿಯೂ ಹಾಗೆಯೇ. ಗುಂಪಿನ ಎಂಟೂ ಯಂತ್ರಗಳು ತಮ್ಮ ಚಾನೆಲ್‌ನಲ್ಲಿ “ಇದ್ದೇನೆ” ಎನ್ನುತ್ತಿರಬೇಕು, ಅದರಲ್ಲಿ ಮೊದಲನೆಯದು ಅಷ್ಟನ್ನೂ ಪರದೆಗೆ ಒಪ್ಪಿಸಬೇಕು. ಮೂರು ಗುಂಪಿಗೆ ಮೂರು ಚಾನೆಲ್ ಕೊಟ್ಟೆ.

ಭಾನುವಾರ ಮಧ್ಯಾಹ್ನದ ಹೊತ್ತಿಗೆ ಎಲ್ಲವೂ ಹಸಿರಾಗಿ ಕಂಡವು. ಉಡುಪಿ ಎಂಟು, ಕಾರ್ಕಳ ಎಂಟು. ಕಾಪು ಒಂಬತ್ತು.

ಸುಧಾಕರ ಹಿಂದಿನಿಂದ ಬಗ್ಗಿ ನೋಡಿದ. “ಎಂತ ಮಾರಾಯ, ಎಂಟು ಇಟ್ಟರೆ ಒಂಬತ್ತು ತೋರಿಸ್ತದಾ? ಎಂಟಕ್ಕೇ ಬಿಟ್ಟವನಿಗೆ ಒಂಬತ್ತರ ಆಸೆ ಉಂಟು, ಅಲ್ವಾ?”

“ನೀನು ಊಟಕ್ಕೆ ಹೋಗು ಮಾರಾಯ,” ಎಂದೆ. ನಗುತ್ತಾ ಹೋದ.

ಬೇರೆ ಗುಂಪಿನದು ತಪ್ಪಿ ಬಂದಿರಬೇಕೆಂದು ನೋಡಿದೆ. ಅವೆಲ್ಲ ಅವುಗಳ ಜಾಗದಲ್ಲೇ ಇದ್ದವು. ಒಂಬತ್ತನೆಯದರ ವಿಳಾಸದ ಅಂಕಿಯನ್ನು ಚೀಟಿಯಲ್ಲಿ ಬರೆದುಕೊಂಡೆ; ಅದನ್ನು ನಾನು ಯಾವ ಯಂತ್ರಕ್ಕೂ ಕೊಟ್ಟಿರಲಿಲ್ಲ. ಪಟ್ಟಿಯಿಂದ ಅಳಿಸಿ, ತಂತ್ರಾಂಶವನ್ನು ಮತ್ತೆ ಶುರು ಮಾಡಿದರೆ ಸೋಮವಾರಕ್ಕೆ ಚೊಕ್ಕವಾಗುತ್ತಿತ್ತು. ಕೈ ಕೀಬೋರ್ಡಿನ ಮೇಲೆ ಹೋಗಿಯೂ ಇತ್ತು. ಆಗ ಮಾವನ ಮಾತು ನೆನಪಾಯಿತು. ವಯರ್‌ಲೆಸ್‌ನಲ್ಲಿ ಗುರುತಿಲ್ಲದ ದನಿ ಕೇಳಿದಾಗ ಚಾನೆಲ್ ತಿರುಗಿಸಹೋದ ನನ್ನ ಕೈಗೆ ಹೊಡೆದು ಅವರು ಹೇಳಿದ್ದರು: “ಮೊದಲು ಹುಡುಕು. ಯಾರದು ಅಂತ ಆಮೇಲೆ ಕೇಳು.”

ಎದ್ದು ಹೋಗಿ ಕಾಪು ಗುಂಪಿನ ಒಂದೊಂದೇ ಯಂತ್ರವನ್ನು ಕೈಯಿಂದ ಮುಟ್ಟಿ ಎಣಿಸಿದೆ. ಎಂಟು. ಎಂಟನೆಯದರ ಪಕ್ಕ ಶೆಲ್ಫಿನಲ್ಲಿ ಖಾಲಿ ಜಾಗ. ಒಂಬತ್ತನೆಯದು ಇದ್ದಿದ್ದರೆ ಅಲ್ಲೇ ಇರಬೇಕಿತ್ತು. ಸುಮ್ಮನೆ ಅಲ್ಲಿಗೂ ಕೈ ಹಾಕಿದೆ. ಏಸಿಯ ತಣ್ಣನೆ ಗಾಳಿಯಲ್ಲಿ ಆ ಜಾಗ ಮಾತ್ರ ಬಿಸಿಯಾಗಿತ್ತು. ಹಿಂದಿನ ಪ್ಲಗ್ ಬೋರ್ಡು ಕಂದು ಬಣ್ಣಕ್ಕೆ ತಿರುಗಿ ಕರಗುತ್ತಿತ್ತು. ಒಳಗೆ ಒಂದು ಸ್ಕ್ರೂ ಸಡಿಲ. ಆ ಬೋರ್ಡು ಹಾಕಿದವನು ನಾನೇ, ಬೇರೆ ಯಾರಿಗೂ ಮುಟ್ಟಲು ಬಿಡದೆ.

ಆ ಗುಂಪಿನ ಮೇನ್ ಸ್ವಿಚ್ ಆರಿಸಿದೆ. ಕಾಪು ಗುಂಪಿನ ಎಂಟೂ ಆರಿದವು. ಪರದೆಗೆ ಬಂದು ನೋಡಿದೆ: ನಿಮಿಷದೊಳಗೆ ಎಂಟು ಹೆಸರೂ ಕೆಂಪಾದವು. ಒಂಬತ್ತನೆಯದು ಹಸಿರಾಗಿಯೇ ಇತ್ತು. ಪಕ್ಕದಲ್ಲಿ, ಸುದ್ದಿ ಬಂದು ಎಷ್ಟು ಸೆಕೆಂಡಾಯಿತು ಎಂಬ ಅಂಕಿ ಹತ್ತಕ್ಕೆ ಏರುವುದು, ಮತ್ತೆ ಸೊನ್ನೆಗೆ ಇಳಿಯುವುದು. ಅಂದರೆ ಹತ್ತು ಸೆಕೆಂಡಿಗೊಮ್ಮೆ ಹೊಸ ಸುದ್ದಿ ಬರುತ್ತಲೇ ಇತ್ತು. ಗುಂಪಿನ ಸುದ್ದಿ ಒಪ್ಪಿಸಬೇಕಾದ ಮೊದಲನೆಯ ಯಂತ್ರವೇ ಆರಿ ಕೂತಿತ್ತು. ಹಾಗಾದರೆ ಇದನ್ನು ಪರದೆಗೆ ಹೇಳುತ್ತಿದ್ದವರು ಯಾರು? ನಾನು ಬೋರ್ಡು ಬದಲಾಯಿಸಿ ಕೊನೆಯ ಸ್ಕ್ರೂ ಬಿಗಿಮಾಡಿ ಬರುವವರೆಗೂ ಅದು ಹಸಿರಾಗಿಯೇ ಇತ್ತು. ಸ್ವಿಚ್ ಹಾಕಿದ ಮೇಲೆ ಎಂಟು ಎದ್ದವು. ಒಂಬತ್ತನೆಯದು ಮತ್ತೆ ಕಾಣಲಿಲ್ಲ.

ಸೋಮವಾರ ಬೆಳಿಗ್ಗೆ ಕರಗಿದ ಬೋರ್ಡನ್ನು ಸರ್ ಮೇಜಿನ ಮೇಲಿಟ್ಟೆ.

“ಇದು ಯಾರು ಹಾಕಿದ್ದು?”

“ನಾನೇ, ಸರ್.”

ಅದನ್ನು ತಿರುಗಿಸಿ ತಿರುಗಿಸಿ ನೋಡಿದರು. “ಹೊತ್ತಿಕೊಂಡಿದ್ದರೆ ಕೋಣೆ ಇರ್ತಿರಲಿಲ್ಲ. ಏಸಿಯಲ್ಲಿ ವಾಸನೆಯೂ ಬರೋದಿಲ್ಲ. ಹೇಗೆ ಗೊತ್ತಾಯ್ತು?”

“ಎಣಿಸ್ತಾ ಇದ್ದೆ, ಸರ್,” ಎಂದೆ. ಅಷ್ಟು ನಿಜವೇ. ಉಳಿದದ್ದನ್ನು ಹೇಳಲು ನನ್ನ ಜಂಭ ಬಿಡಲಿಲ್ಲ. ಹೊರಗಿನವರು ನೋಡಿಹೋದ ಮೇಲೆ, ಸಂಜೆ ಸರ್ ಕೀ ಕೊಟ್ಟರು. ಸುಧಾಕರ ಎರಡು ದಿನ ಮಾತಾಡಲಿಲ್ಲ, ಮೂರನೆಯ ದಿನ ಚಹಾಕ್ಕೆ ಕರೆದ.

ತಿಳಿದವರನ್ನು ಆಮೇಲೆ ಕೇಳಿದ್ದೇನೆ. ಹಳೆಯ ದಾಖಲೆ ಉಳಿದಿರಬಹುದು ಎನ್ನುತ್ತಾರೆ. ಹಳೆಯ ದಾಖಲೆಯ ಅಂಕಿ ಸೊನ್ನೆಗೆ ಇಳಿಯುವುದು ಹೇಗೆ ಎಂದರೆ ಬೇರೆ ಮಾತು ಎತ್ತುತ್ತಾರೆ.

ಈಗ ನನಗಿರುವುದು ಉಡುಪಿಯಲ್ಲಿ ಒಂದು ಅಂಗಡಿ, ಇಬ್ಬರು ಕೆಲಸದವರು, ನೋಡಿಕೊಳ್ಳಲು ಹದಿನಾಲ್ಕು ಕಚೇರಿಗಳ ಕಂಪ್ಯೂಟರುಗಳು, ಕರಗಿದ ಒಂದು ಪ್ಲಗ್ ಬೋರ್ಡು, ಮತ್ತು ಯಾವ ಯಂತ್ರದ್ದೂ ಅಲ್ಲದ ಒಂದು ವಿಳಾಸ ಬರೆದಿಟ್ಟ ಚೀಟಿ.