ನಾಲ್ಕನೇ ಸೀಸನ್ನಿನ ಪುಟ

ಹೋದ ಭಾನುವಾರ ಬೆಳಿಗ್ಗೆ ನನ್ನ ಹೆಂಡತಿ ಮಗಳ ನೆತ್ತಿಗೆ ಹರಳೆಣ್ಣೆ ತಟ್ಟುತ್ತಿದ್ದಳು. ವಿಜಯನಗರದ ನಮ್ಮ ಮನೆ ಸಣ್ಣದು, ಯಾವ ಮೂಲೆಯ ವಾಸನೆಯಾದರೂ ಹಾಲ್‌ಗೆ ಬಂದೇ ಬರುತ್ತದೆ. ಪೇಪರ್ ಹಿಡಿದು ಕೂತಿದ್ದ ನಾನು ಎದ್ದು ಹೋಗಿ ಕಿಟಕಿ ತೆರೆದೆ. ಹರಳೆಣ್ಣೆಗೆ ಹೆದರುವ ಗಂಡಸು ಈ ಏರಿಯಾದಲ್ಲಿ ನಾನೊಬ್ಬನೇ ಇರಬೇಕು. ಮಗಳು ತಲೆಗೆ ಬೇಡವೆಂದು ರಂಪ ಮಾಡುತ್ತಿದ್ದಳು, ನಾನೂ ಒಳಗೊಳಗೇ ಅವಳ ಪಕ್ಷ ವಹಿಸಿದ್ದೆ.

ಅದಕ್ಕೆ ಹದಿನೈದು ದಿನದ ಹಿಂದೆ, ಓದುವಾಗ ನಮಗೆ ಬೇಸ್‌ಬಾಲ್ ಕಲಿಸಿದ ಮೇಷ್ಟ್ರ ಹೆಂಡತಿ ಫೋನ್ ಮಾಡಿದ್ದರು. ಮೇಷ್ಟ್ರು ತೀರಿಕೊಂಡು ಆಗಲೇ ವರ್ಷವಾಗಿತ್ತು. ಆಗ ನಾನು ಹೋಗಿರಲಿಲ್ಲ, ಊರಲ್ಲಿಲ್ಲ ಎಂದು ಯಾರಿಗೋ ಹೇಳಿದ್ದೆ. ಊರಲ್ಲೇ ಇದ್ದೆ. ಈಗ ಅವರು ಮೇಷ್ಟ್ರ ಟ್ರಂಕು ಖಾಲಿ ಮಾಡುತ್ತಿದ್ದರು. "ಹಳೇ ಹುಡುಗ್ರೆಲ್ಲ ಬಂದು ಒಂದೊಂದು ಸಾಮಾನು ತಗೊಂಡು ಹೋದ್ರಪ್ಪ. ಟೀಮಿನ ಪುಸ್ತಕ ಮಾತ್ರ ಉಳ್ಕೊಂಡಿದೆ, ಯಾರಿಗೂ ಬೇಡ್ವಂತೆ," ಎಂದಿದ್ದರು. ಬರುತ್ತೇನೆ ಎಂದವನು ಎರಡು ವಾರ ಮುಂದೂಡಿದೆ. ಆ ಪುಸ್ತಕದಲ್ಲಿ ಏನಿದೆ ಎಂದು ನನಗೆ ಗೊತ್ತಿತ್ತು. ಗೊತ್ತಿದೆ ಅಂದುಕೊಂಡಿದ್ದೆ...

ಕೆಂಗೇರಿಯ ಆಚೆ, ಊರು ಮುಗಿದು ಇನ್ನೇನೂ ಶುರುವಾಗದ ಜಾಗದಲ್ಲಿ ನಮ್ಮ ಪುಟ್ಟ ವಿಶ್ವವಿದ್ಯಾಲಯವಿತ್ತು. ಅಲ್ಲಿನ ದೈಹಿಕ ಶಿಕ್ಷಣದ ಮೇಷ್ಟ್ರು ಬೇಸ್‌ಬಾಲ್ ತಂಡ ಕಟ್ಟಿದ್ದರು. ಅವರೂ ಆಟವನ್ನು ಪುಸ್ತಕ ನೋಡಿಯೇ ಕಲಿತವರು. ಕ್ರಿಕೆಟ್ ತಂಡಕ್ಕೆ ಆಯ್ಕೆಯಾಗದೆ ಮುಖ ಸಪ್ಪೆ ಮಾಡಿಕೊಂಡು ನಿಂತವರನ್ನೆಲ್ಲ ಹೆಗಲ ಮೇಲೆ ಕೈ ಹಾಕಿ ಕರೆದುಕೊಂಡು ಹೋಗುತ್ತಿದ್ದರು. ನಾನೂ ಹಾಗೇ ಹೋದವನು. ನಮ್ಮ ಹೆಸರು ಅವರಿಗೆ ನೆನಪಿರುತ್ತಿರಲಿಲ್ಲವೋ, ಬೇಕಿರಲಿಲ್ಲವೋ, ಯಾರು ಎಲ್ಲಿಂದ ಬರುತ್ತಿದ್ದರೋ ಅದೇ ಅವರ ಹೆಸರು. ನಾನು ಬಾಪೂಜಿ ನಗರ. ಫಸ್ಟ್ ಬೇಸ್ ಕಾಯುತ್ತಿದ್ದವನು ಬಿನ್ನಿಪೇಟೆ. "ಏ ನಾಯಂಡಹಳ್ಳಿ, ಎಸಿಯೋ!" ಎಂದು ಅವರು ಕೂಗಿದರೆ ಮೈದಾನದ ಹೊರಗಿದ್ದವರು ಬಸ್ ಕಂಡಕ್ಟರ್ ಎಂದುಕೊಳ್ಳಬೇಕು.

ಹೊಸ ಗ್ಲೌಸು ತರಿಸುವ ಯೋಗ ನಮಗಿರಲಿಲ್ಲ. ಹಳೆಯ ಚರ್ಮ ಬಿರಿಯದಿರಲೆಂದು ಪ್ರತಿ ಶನಿವಾರ ಮೇಷ್ಟ್ರು ಒಂದೊಂದಕ್ಕೂ ಹರಳೆಣ್ಣೆ ತಿಕ್ಕುತ್ತಿದ್ದರು. ಅವರ ಅಂಗಿ, ಅವರ ಸ್ಕೂಟರಿನ ಸೀಟು, ಅವರ ಪುಸ್ತಕ, ಎಲ್ಲಕ್ಕೂ ಅದೇ ವಾಸನೆ.

ಪುಸ್ತಕವೆಂದರೆ ತಂಡದ ಚರಿತ್ರೆ. ಉದ್ದನೆಯ ರಟ್ಟಿನ ನೋಟ್‌ಬುಕ್, ಸೀಸನ್ನಿಗೆ ಒಂದು ಪುಟ. ಪ್ರತಿ ವರ್ಷ ಮೊದಲ ಪ್ರಾಕ್ಟೀಸಿನ ದಿನ ಯಾರೂ ಬ್ಯಾಟ್ ಮುಟ್ಟುವಂತಿರಲಿಲ್ಲ. ಮೈದಾನದ ಅಂಚಿನ ಹೊಂಗೆ ಮರದ ಕೆಳಗೆ ಎಲ್ಲರನ್ನೂ ಕೂರಿಸಿ, ಮೊದಲನೇ ಸೀಸನ್ನಿನಿಂದ ಜೋರಾಗಿ ಓದುತ್ತಿದ್ದರು. ಪ್ರತಿ ಪುಟದ ಕೊನೆಯ ಸಾಲಿನಲ್ಲಿ ಮುಂದಿನ ವರ್ಷದ ಕ್ಯಾಪ್ಟನ್ ಯಾರೆಂದು ಬರೆದಿರುತ್ತಿತ್ತು. ಓದುವವರೆಗೂ ಆ ಗುಟ್ಟು ಅವರ ಹೆಂಡತಿಗೂ ಗೊತ್ತಿರುತ್ತಿರಲಿಲ್ಲ.

ಮೊದಲನೇ ಸೀಸನ್: "ಒಂಬತ್ತು ಜನ ಬೇಕು, ಏಳು ಜನ ಬಂದರು. ಇಬ್ಬರನ್ನು ಕಬಡ್ಡಿಯವರಿಂದ ಎರವಲು ತಂದೆ. ಎಲ್ಲ ಪಂದ್ಯ ಸೋತೆವು." ಎರಡನೇ ಸೀಸನ್: "ಒಂದು ಪಂದ್ಯಕ್ಕೆ ಎದುರಾಳಿಗಳು ಬಸ್ಸು ಸಿಗದೆ ಬರಲಿಲ್ಲ. ಇದನ್ನು ಗೆಲುವು ಎಂದು ಬರೆಯುವುದಿಲ್ಲ." ಮೂರನೆಯದು ನನ್ನ ಮೊದಲ ವರ್ಷ. ಎರಡು ನಿಜವಾದ ಗೆಲುವು ಸಿಕ್ಕಿದ್ದವು. ಅದರ ಕೆಳಗೆ ನನ್ನ ಮಾನ ಹರಾಜು: "ಕ್ಯಾಚರ್ ಬಾಪೂಜಿ ನಗರ ಚೆಂಡು ಬಂದಾಗ ಕಣ್ಣು ಮುಚ್ಚುತ್ತಾನೆ. ಹೆದರುತ್ತಾನೆ. ಹೆದರಿದರೂ ಜಾಗ ಬಿಡುವುದಿಲ್ಲ." ಎಲ್ಲರೂ ಹೊಟ್ಟೆ ಹಿಡಿದು ನಕ್ಕರು. ಇದನ್ನೆಲ್ಲ ಯಾಕೆ ಬರೀತೀರಿ ಸಾರ್ ಎಂದು ನಾನು ಕೇಳಿದ್ದಕ್ಕೆ, "ಆಗಿದ್ದು ಆಗಿದ್ದೇ ಕಣೋ. ಸುಳ್ಳು ಬರ್ಯೋಕೆ ಬೇರೆ ಪುಸ್ತಕ ಇಟ್ಕೊ," ಎಂದಿದ್ದರು.

ನಾಲ್ಕನೇ ಸೀಸನ್ನಿನ ಕೊನೆಯ ಪಂದ್ಯ ನಮ್ಮ ಮೈದಾನದಲ್ಲೇ ನಡೆಯಿತು. ಆ ಬೆಳಿಗ್ಗೆ ಸುಣ್ಣದ ಗೆರೆ ಹಾಕಿದವನು ನಾನೇ. ಫಸ್ಟ್ ಬೇಸಿನ ಪಕ್ಕ ಕೋಚ್ ನಿಲ್ಲುವುದಕ್ಕೆಂದು ಒಂದು ಚೌಕ ಇರುತ್ತದೆ. ಅದನ್ನೂ ನೆಟ್ಟಗೆ ಎಳೆದಿದ್ದೆ.

ಈ ಆಟದಲ್ಲಿ ಚೆಂಡು ಹೊಡೆದ ಮೇಲೆ ಬ್ಯಾಟನ್ನು ಅಲ್ಲೇ ಬಿಟ್ಟು ಓಡಬೇಕು. ಕ್ರಿಕೆಟ್ಟಿನಲ್ಲಿ ಬೆಳೆದ ಕೈ ಅದನ್ನು ಕೇಳುವುದಿಲ್ಲ, ಬ್ಯಾಟ್ ಹಿಡಿದೇ ಓಡುತ್ತದೆ. "ಬ್ಯಾಟ್ ಬಿಡೋ!" ಎಂದು ಮೇಷ್ಟ್ರು ನನಗೆ ಹೇಳಿದ್ದು ನೂರು ಸಲವಲ್ಲ, ಸಾವಿರ ಸಲ. ಅಂದು ಹೊಡೆತ ಚೆನ್ನಾಗಿ ಬಿತ್ತು. ಓಡಿದೆ. ಫಸ್ಟ್ ಬೇಸ್ ಹತ್ತಿರವಾದಾಗ, ಗಲ್ಲಿಯಲ್ಲಿ ಚಿಕ್ಕಂದಿನಿಂದ ಮಾಡಿದ ಹಾಗೆ, ಕ್ರೀಸ್ ಮುಟ್ಟಿಸಲು ಬ್ಯಾಟ್ ಮುಂದೆ ಚಾಚಿದೆ. ಅದು ಬೇಸಿನ ಅಂಚಿಗೆ ತಾಗಿ ಕೈಯಿಂದ ಹಾರಿತು. ನಾನೂ ಎದುರಾಳಿಯ ಹುಡುಗನೂ ಡಿಕ್ಕಿ ಹೊಡೆದು ಮಣ್ಣಿನಲ್ಲಿ ಉರುಳಿದೆವು. ದೂಳು ಇಳಿದಾಗ ಮೇಷ್ಟ್ರು ಮೊಣಕಾಲೂರಿ ಎಡಗಣ್ಣಿನ ಮೇಲೆ ಕೈ ಇಟ್ಟುಕೊಂಡಿದ್ದರು. ಬೆರಳ ಸಂದಿಯಿಂದ ರಕ್ತ ಇಳಿಯುತ್ತಿತ್ತು. ಅವರ ಎರಡು ಕಾಲೂ ನನ್ನ ಚೌಕದ ಒಳಗೇ ಇದ್ದವು.

ಆಸ್ಪತ್ರೆಯಲ್ಲಿ ಮೇಷ್ಟ್ರ ಹೆಂಡತಿ ಓಡಿಬಂದು ನನ್ನನ್ನೇ ಹಿಡಿದುಕೊಂಡರು. "ಏನಾಯ್ತಪ್ಪ?" ನನ್ನ ನಾಲಿಗೆ ನನಗಿಂತ ಮುಂಚೆ ಹೆದರಿತು. "ಸಾರ್ ಗೆರೆ ದಾಟಿ ಒಳಗೆ ಬಂದ್ಬಿಟ್ರು ಅಮ್ಮ... ಬ್ಯಾಟ್ ತಗಲ್ತು," ಎಂದೆ. ದೂಳಿನಲ್ಲಿ ಬೇರೆ ಯಾರೂ ಸರಿಯಾಗಿ ನೋಡಿರಲಿಲ್ಲ. ಮಾತು ಹಾಗೇ ನಿಂತುಬಿಟ್ಟಿತು. ಎಡಗಣ್ಣು ಹೋಯಿತು.

ಅಲ್ಲಿಂದ ನನಗೆ ಒಂದೇ ಭಯ. ಕಾಲೇಜಿನಿಂದ ತೆಗೆದುಹಾಕುತ್ತಾರೆ ಎಂಬುದಲ್ಲ, ಪೊಲೀಸು ಎಂಬುದೂ ಅಲ್ಲ, ಪುಸ್ತಕ. ಆ ಮನುಷ್ಯ ಬರೆದೇ ಬರೆಯುತ್ತಾರೆ, ಮರದ ಕೆಳಗೆ ಓದೇ ಓದುತ್ತಾರೆ. ರಜೆಯಲ್ಲಿ ಸ್ಕೂಟರ್ ಶಬ್ದ ಕೇಳಿದರೂ ಮನೆಯ ಹಿತ್ತಿಲಿಗೆ ಹೋಗುತ್ತಿದ್ದೆ. ಊಟ ಸೇರುತ್ತಿರಲಿಲ್ಲ. ಅಮ್ಮ ದೃಷ್ಟಿ ತೆಗೆದಳು, ಪಾಪ.

ಐದನೇ ಸೀಸನ್ನಿನ ಮೊದಲ ದಿನ ಮೇಷ್ಟ್ರು ಕಪ್ಪು ಕನ್ನಡಕ ಹಾಕಿಕೊಂಡು ಬಂದರು. ಉಳಿದ ಕಣ್ಣಿಗೆ ಆಯಾಸ ಕೊಡಬಾರದೆಂದು ವೈದ್ಯರು ಹೇಳಿದ್ದರಂತೆ. ಪುಸ್ತಕವನ್ನು ನನ್ನ ಕಡೆ ಚಾಚಿದರು. "ಬಾಪೂಜಿ ನಗರ, ಈ ಸಲ ನೀನು ಓದಪ್ಪ."

ಓದಿದೆ. ಒಂದು, ಎರಡು, ಮೂರು. ಹುಡುಗರು ನಗಬೇಕಾದ ಕಡೆ ನಕ್ಕರು. ಪುಟ ತಿರುವುವಾಗ ಬೆರಳು ಒದ್ದೆಯಾಗಿ ಕಾಗದಕ್ಕೆ ಅಂಟುತ್ತಿತ್ತು. ನಾಲ್ಕನೇ ಪುಟದಲ್ಲಿ ಅಕ್ಷರಗಳು ಓರೆಯಾಗಿದ್ದವು, ಒಂದೇ ಕಣ್ಣಿನಲ್ಲಿ ಬರೆದದ್ದು. ಮೊದಲ ಸಾಲು: "ಬಾಪೂಜಿ ನಗರ ಬ್ಯಾಟ್ ಹಿಡಿದೇ ಓಡಿದ." ಅದರ ಮುಂದೆ ನನ್ನ ಕಣ್ಣು ಹೋಗಲಿಲ್ಲ. ಚೆಂಡು ಬಂದಾಗ ಮುಚ್ಚುತ್ತಿದ್ದ ಹಾಗೇ ಮುಚ್ಚಿಕೊಂಡಿತು. ಬಾಯಿ ಮಾತ್ರ ಓದಿತು: "ಕೊನೆಯ ಪಂದ್ಯದಲ್ಲಿ ಕೋಚ್ ಗೆರೆ ದಾಟಿ ಒಳಗೆ ಬಂದಿದ್ದರಿಂದ ಪೆಟ್ಟಾಯಿತು." ಪುಸ್ತಕ ಮುಚ್ಚಿ, "ಅಷ್ಟೇ ಸಾರ್," ಎಂದೆ.

"ಕ್ಯಾಪ್ಟನ್ ಯಾರು ಮಗಾ?" ಎಂದು ಹಿಂದಿನಿಂದ ಯಾರೋ ಕೇಳಿದರು. ನಾನು ತಲೆ ಎತ್ತಲಿಲ್ಲ. ಮೇಷ್ಟ್ರು ಕೈ ಚಾಚಿ ಪುಸ್ತಕ ವಾಪಸ್ ತೆಗೆದುಕೊಂಡರು. ಕಪ್ಪು ಕನ್ನಡಕದ ಹಿಂದೆ ಏನಿತ್ತೋ ತಿಳಿಯಲಿಲ್ಲ. "ಬಿನ್ನಿಪೇಟೆ," ಎಂದರು. "ಏಳ್ರಪ್ಪ, ಬಿಸ್ಲು ಏರ್ತಾ ಇದೆ."

ಆಮೇಲೆ ನಾನು ಮೈದಾನಕ್ಕೆ ಹೋಗಲಿಲ್ಲ. ಕಾರಿಡಾರಿನಲ್ಲಿ ಹರಳೆಣ್ಣೆಯ ವಾಸನೆ ಬಂದರೆ ಬೇರೆ ಮೆಟ್ಟಿಲು ಹಿಡಿಯುತ್ತಿದ್ದೆ. ಡಿಗ್ರಿ ಮುಗಿಯಿತು, ಕೆಲಸ, ಮದುವೆ... ಆದರೆ ಪ್ರತಿ ವರ್ಷ ಆ ಮರದ ಕೆಳಗೆ ಯಾರೋ ಹೊಸಬರು ನಾಲ್ಕನೇ ಪುಟ ಕೇಳುತ್ತಿರುತ್ತಾರೆ ಎಂಬ ಭಯ ಮಾತ್ರ ತೀರಲಿಲ್ಲ. ಹಳೆಯ ಗೆಳೆಯರು ಸಿಕ್ಕಾಗ ಅವರ ಮುಖ ನೋಡುತ್ತಿದ್ದೆ. ಯಾರಿಗೂ ಏನೂ ಗೊತ್ತಿದ್ದಂತಿರಲಿಲ್ಲ. ಅದು ಯಾಕೆಂದು ಅರ್ಥವಾಗುತ್ತಿರಲಿಲ್ಲ.

ಭಾನುವಾರ ಮಧ್ಯಾಹ್ನ ಕೊನೆಗೂ ಹೋದೆ. ಸುಳ್ಳೇಕೆ, ಪ್ರೀತಿಯಿಂದಲ್ಲ, ಆ ಪುಸ್ತಕ ಬೇರೆ ಯಾರ ಕೈಗೂ ಸಿಗಬಾರದೆಂದು ಹೋದೆ. ಮೇಷ್ಟ್ರ ಹೆಂಡತಿ ಕಾಫಿ ಕೊಟ್ಟು, ಪುಸ್ತಕ ತಂದು, ನಾನು ಎದ್ದು ಹೊರಡುವ ಮುನ್ನವೇ ಎದುರಿಗೆ ಕೂತರು. "ಒಂದ್ಸಲ ಓದಿ ಹೇಳ್ತೀಯೇನಪ್ಪ? ಅವರು ಮನೇಲಿ ಓದ್ತಿದ್ರು, ನಾನು ಯಾವತ್ತೂ ಗಮನ ಕೊಟ್ಟು ಕೇಳ್ಲೇ ಇಲ್ಲ."

ಮತ್ತೆ ಅದೇ. ಒಂದು, ಎರಡು, ಮೂರು. ನಾಲ್ಕನೇ ಪುಟ ತೆರೆದರೆ ಅಲ್ಲಿ ಬೇರೊಂದು ಕಾಗದ ಅಂಟಿಸಿತ್ತು. ಅದರ ಮೇಲೆ ಮೇಷ್ಟ್ರ ಓರೆ ಅಕ್ಷರದಲ್ಲಿ: "ಕೊನೆಯ ಪಂದ್ಯದಲ್ಲಿ ಕೋಚ್ ಗೆರೆ ದಾಟಿ ಒಳಗೆ ಬಂದಿದ್ದರಿಂದ ಪೆಟ್ಟಾಯಿತು. ಮುಂದಿನ ಕ್ಯಾಪ್ಟನ್: ಬಿನ್ನಿಪೇಟೆ." ನಾನು ಅಂದು ಕಟ್ಟಿ ಹೇಳಿದ ಮಾತು, ಒಂದಕ್ಷರ ಬಿಡದೆ.

ಹಳೆಯ ಅಂಟು ಒಣಗಿತ್ತು. ಉಗುರು ತಾಗಿಸಿದರೆ ಕಾಗದ ತಾನಾಗಿ ಎದ್ದಿತು. ಮೇಲಿನದನ್ನೇ ಓದಿ ಮುಗಿಸಬಹುದಿತ್ತು, ಆಕೆಗೆ ಏನೂ ತಿಳಿಯುತ್ತಿರಲಿಲ್ಲ. ಕೆಳಗಿನದನ್ನು ಓದಿದೆ.

"ಬಾಪೂಜಿ ನಗರ ಬ್ಯಾಟ್ ಹಿಡಿದೇ ಓಡಿದ. ನಾನು ಗೆರೆಯೊಳಗೇ ಇದ್ದೆ. ಒಂದು ಕಣ್ಣು ಹೋಯಿತು. ಹುಡುಗ ತುಂಬ ಹೆದರಿದ್ದಾನೆ. ಹೆದರಿದರೂ ಜಾಗ ಬಿಡುವವನಲ್ಲ. ಮುಂದಿನ ಕ್ಯಾಪ್ಟನ್: ಬಾಪೂಜಿ ನಗರ."

"ಬಾಪೂಜಿ ನಗರ ಅಂದ್ರೆ ನಾನೇ ಅಮ್ಮ," ಎಂದೆ. ಪುಸ್ತಕವನ್ನು ಆಕೆಯ ಕಡೆ ತಿರುಗಿಸಿ ಹಿಡಿದೆ.

ಆಕೆ ಗೋಡೆಯ ಮೇಲಿನ ಫೋಟೋ ನೋಡುತ್ತಿದ್ದರು. "ನಾನು ಅವರನ್ನ ಕೇಳ್ದೆ ಕಣಪ್ಪ, ಗೆರೆ ದಾಟಿದ್ರಾ ಅಂತ. ಹೂಂ ಅಂದ್ರು. ಅವತ್ತಿಂದ ಸಾಯೋವರ್ಗೂ ಬೈದಿದೀನಿ ಅವರನ್ನ, ನಿಮಗೆ ಬುದ್ಧಿ ಇರ್ಲಿಲ್ವಾ, ಯಾಕೆ ಗೆರೆ ದಾಟಿದ್ರಿ ಅಂತ. ಒಂದಿನಾನೂ ತಿರುಗಿ ಮಾತಾಡ್ಲಿಲ್ಲ."

ಪುಸ್ತಕವನ್ನು ಆಕೆಯೇ ಇಟ್ಟುಕೊಂಡರು. ಬಾಗಿಲವರೆಗೆ ಬಂದರೂ ಮತ್ತೆ ಬಾ ಎನ್ನಲಿಲ್ಲ. ನಾನು ಕೆಂಗೇರಿ ಮೆಟ್ರೋ ನಿಲ್ದಾಣದವರೆಗೆ ನಡೆದೇ ಹೋದೆ. ರೈಲಿನಲ್ಲಿ ಕೂತಾಗ ಕೈಗೆ ಹರಳೆಣ್ಣೆಯ ವಾಸನೆ ಹತ್ತಿರುವುದು ಗೊತ್ತಾಯಿತು. ಮನೆಗೆ ಬಂದು ಊಟಕ್ಕೆ ಕೂರುವವರೆಗೂ ಕೈ ತೊಳೆಯಲಿಲ್ಲ.