ಹಂಚಿನ ಮೇಲೆ ಹುರಿದ ಎಲೆ

ವೈನಿ, ಆ ಎಲೆಗಳನ್ನು ಹುರಿದವನು ನಾನು. ನಿಮ್ಮ ಕೈಯಲ್ಲಿ ಯಾವ ತಪ್ಪೂ ಇರಲಿಲ್ಲ.

ಹೋಳಿ ಹುಣ್ಣಿಮೆಗೆ ಹಿರಿಯರಿಗೆ ಒಂದು ಲೋಟ ಭಂಗಿ ಹಾಲು ಕೊಡುವುದು ನಮ್ಮ ನಿಡೋಣಿ ಮನೆಯ ರೂಢಿ. ಹಸಿ ಭಂಗಿ ಎಲೆ ಅರೆದು, ತಣ್ಣನೆಯ ಹಾಲಿಗೆ ಬೆಲ್ಲ ಕೂಡಿಸಿ, ಅಣ್ಣನ ಹೆಂಡತಿಯಾಗಿ ಬಂದಾಗಿನಿಂದ ನೀವೇ ಕೊಡುತ್ತಿದ್ದಿರಿ. ಅಪ್ಪ ಕುಡಿದು, ಒಂದಿಷ್ಟು ನಕ್ಕು ಮಲಗುತ್ತಿದ್ದರು. ಅಷ್ಟೇ. ಆ ವರ್ಷ ‘ಹಸಿ ನಾತ ಬಡಿತೈತಿ’ ಎಂದು ಗೊಣಗಿದರು. ನೀವು ಹಾಲು ತರಲು ಹಿತ್ತಲಿಗೆ ಹೋದಾಗ ನಾನು ಎಲೆಗಳನ್ನು ಹಂಚಿಗೆ ಹಾಕಿದೆ — ಶೇಂಗಾ ಹುರಿದಂತೆ, ನಾತ ಹೋಗಲೆಂದು.

ತಿರುಗಿ ಬಂದ ನೀವು ಕೇಳಿದಿರಿ, ‘ಎಲಿ ಯಾಕ ಕಂದ್ಯಾವ್ರಿ?’

‘ಬಿಸಲಾಗ ಇಟ್ಟಿದ್ನಿರಿ ವೈನಿ,’ ಎಂದೆ. ನಗುತ್ತ ಎಂದೆ. ನೀವು ನಂಬಿ, ಎಂದಿನ ಅಳತೆಯಲ್ಲೇ ಅರೆದು ಅಪ್ಪನಿಗೆ ಕೊಟ್ಟಿರಿ.

ಸಂಜೆ ಅಪ್ಪ, ಗೋಡೆಗಳು ಮೈಮೇಲೆ ಬರುತ್ತಿವೆ ಎಂದು ಕೂಗುತ್ತ ಕಟ್ಟೆಯಿಂದ ಬಿದ್ದರು. ಟೊಂಕದ ಎಲುಬು ಮುರಿಯಿತು. ಆಸ್ಪತ್ರೆಯ ಬಾಗಿಲಲ್ಲೇ ನನಗೆ ಹೊಳೆಯಿತು — ಹಸಿ ಎಲೆಯಲ್ಲಿ ಮತ್ತಿನ ಅಂಶ ಬಹುಪಾಲು ಆಮ್ಲವಾಗಿ ಸುಮ್ಮನಿರುತ್ತದೆ. ಕಾವು ತಾಗಿದರೆ ಇಂಗಾಲದ ಡೈಆಕ್ಸೈಡ್ ಬಿಟ್ಟುಹೋಗಿ ಅದು ಜೋರಾಗುತ್ತದೆ. ಅದೇ ಎಲೆ, ಅದೇ ಅಳತೆ, ಆದರೆ... ವಿಜಯಪುರದ ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುವವನು ನಾನು! ಪುರಾಣ ಹೇಳುವುದಕ್ಕೆ, ಬದನೆಕಾಯಿ ತಿನ್ನುವುದಕ್ಕೆ.

ಅಣ್ಣ ಎಲ್ಲರೆದುರು ನಿಮ್ಮನ್ನು ಕೇಳಿದ, ‘ಏನ್ ಹಾಕಿ ಕುಡಿಸಿದಿ ನಮ್ಮಪ್ಪಗ? ಖರೇ ಹೇಳು.’

ನೀವು ನನ್ನ ಕಡೆ ತಿರುಗಿದಿರಿ. ‘ಮಾಸ್ತರ, ನೀವು ಕಲ್ತವ್ರದೀರಿ. ಪ್ರತಿ ವರ್ಷ ಮಾಡಿದಂಗ ಮಾಡೇನಿ. ಹಿಂಗ್ಯಾಕಾತು, ನೀವರೆ ಹೇಳ್ರಿ.’

‘ನನಗೂ ತಿಳೀವಲ್ದರಿ ವೈನಿ.’

ತಿಳಿದಿತ್ತು. ಪೂರ್ತಿ ತಿಳಿದಿತ್ತು. ಹೆದರಿದ್ದೆ, ಅದಕ್ಕಿಂತ ದೊಡ್ಡ ಕಾರಣವೇನೂ ಇರಲಿಲ್ಲ.

ಆರು ವರ್ಷವಾಯಿತು. ಅಪ್ಪ ಮತ್ತೆ ನಡೆಯಲಿಲ್ಲ. ನಿಮ್ಮ ಕೈಯ ಅನ್ನವನ್ನೂ ಉಣ್ಣಲಿಲ್ಲ. ಹೋದ ಭಾನುವಾರ ಅವರ ತುಟಿ ಒಣಗಿತ್ತು. ನೀವು ನೀರು ತಂದು, ಅಂಗೈಗೆ ಒಂದು ಗುಟುಕು ಸುರಿದುಕೊಂಡು ಮೊದಲು ನೀವೇ ಕುಡಿದು ತೋರಿಸಿದಿರಿ — ಇದರಲ್ಲಿ ಏನೂ ಇಲ್ಲವೆಂದು. ಆದರೂ ಅವರು ಗೋಡೆ ಕಡೆ ಹೊರಳಿದರು. ನಾನು ಮಂಚದ ಪಕ್ಕದಲ್ಲೇ ನಿಂತಿದ್ದೆ, ವೈನಿ. ಆಗಲೂ ಬಾಯಿ ಬಿಡಲಿಲ್ಲ.

ಊರಿಗೆ ಬರುತ್ತ ಬಸ್ಸಿನಲ್ಲೇ ಇದನ್ನು ಬರೆಯುತ್ತಿದ್ದೇನೆ; ಈಗ ಬಬಲೇಶ್ವರ ದಾಟಿದೆ. ನಾಲಿಗೆ ಮತ್ತೆ ಹೊರಳದಿದ್ದರೆ ಈ ಚೀಟಿಯನ್ನೇ ಓದುತ್ತೇನೆ — ಅಪ್ಪನೆದುರು, ಅಣ್ಣನೆದುರು. ಅಪ್ಪನದು ಇನ್ನು ಒಂದೆರಡು ದಿನವೆಂದು ಡಾಕ್ಟರು ಹೇಳಿದ್ದಾರೆ. ಕಿವಿ ಮಾತ್ರ ಇನ್ನೂ ಕೇಳುತ್ತದಂತೆ. ಕ್ಷಮಿಸಿ ಎನ್ನಲು ನನಗೆ ಮುಖವಿಲ್ಲ. ನಾನು ಓದುವಾಗ ನೀರಿನ ಲೋಟ ಹಿಡಿದು ಮಂಚದ ಪಕ್ಕದಲ್ಲೇ ನಿಲ್ಲಿ ವೈನಿ. ಈ ಸಲ ನೀವು ಮೊದಲು ಕುಡಿದು ತೋರಿಸಬೇಡಿ.